ಮುಕ್ಕಾಂ: ಮೆಟ್ಟಿಲ ಕೆಳಗೆ

ಬಳ್ಳಾರಿಯ ಹತ್ತಿ ಪೇಟೆಯಲ್ಲಿ ಕೊಟ್ರಬಸಪ್ಪನವರ ಅಂಗಡಿ ಇತ್ತು. ಕೆಳಗೆ ಹತ್ತಿ, ಮೇಲೆ ಸೇವೆ. ಕೆಳಗೆ ತಕ್ಕಡಿ, ಮೂಟೆ, ಹಮಾಲರ ಬೈಗುಳ. ಮೇಲೆ ಬಿಳಿ ಗಾದಿ, ಗೋಡೆಗೆ ದೇವರ ಪಟ, ಅದರ ಪಕ್ಕ ಅಷ್ಟೇ ಅಳತೆಯ ಅಧ್ಯಕ್ಷರ ಪಟ. ನಡುವೆ ಹತ್ತೊಂಬತ್ತು ಮೆಟ್ಟಿಲು. ಪ್ರತಿ ತಿಂಗಳ ಎರಡನೇ ಭಾನುವಾರ ಊರಿನ ದೊಡ್ಡ ಮನುಷ್ಯರು ಆ ಮೆಟ್ಟಿಲು ಹತ್ತಿ ಹೋಗಿ, ನಡೆಯಲಾರದ ಮಕ್ಕಳ ಉದ್ಧಾರ ಮಾಡಿ ಇಳಿದು ಬರುತ್ತಿದ್ದರು. ದಯಾಸಾಗರ ಅಂಗವಿಕಲರ ಸೇವಾ ಸಂಘ ಎಂದು ಅದರ ಹೆಸರು, ಕೊಟ್ರಬಸಪ್ಪನವರೇ ಅಧ್ಯಕ್ಷರು. ಸಾಗರ ಮಹಡಿಯ ಮೇಲಿತ್ತು. ನೀರು ಬೇಕಾದವರು ಕೆಳಗಿದ್ದರು.

ಸಂಘದ ಆಡಳಿತ ಮಂಡಳಿಗೆ ಒಂಬತ್ತು ಜನ. ಮೆಟ್ಟಿಲ ಪಕ್ಕದ ಹಲಗೆಯ ಮೇಲೆ ಒಂಬತ್ತು ಹೆಸರು ಬರೆಸಿದ್ದರು. ಎಂಟು ಹೆಸರು ದೊಡ್ಡದಾಗಿ ಬಂದವು. ಒಂಬತ್ತನೆಯದಕ್ಕೆ ಜಾಗ ಸಾಲಲಿಲ್ಲ. ಅದನ್ನು ಇರುವೆ ಸಾಲಿನಂತೆ ಮೂಲೆಗೆ ಸೇರಿಸಿದ್ದರು. ಟೇಲರ್ ಹೊನ್ನೂರಪ್ಪ, ಹಚ್ಚೊಳ್ಳಿ. ಅವನಿಗೆ ಕಾಲು ಇರಲಿಲ್ಲ ಎಂದಲ್ಲ. ಎರಡೂ ಇದ್ದವು. ಹೆಸರಿಗೆ ಇದ್ದವು, ಕೆಲಸಕ್ಕೆ ಬರುತ್ತಿರಲಿಲ್ಲ. ಆ ಮಟ್ಟಿಗೆ ಮಂಡಳಿಯ ಉಳಿದ ಎಂಟು ಸದಸ್ಯರೂ ಅವೂ ಒಂದೇ.

ಏಳು ವರ್ಷ ಅವನು ಸದಸ್ಯನಾಗಿದ್ದ. ಮೊದಲ ಸಭೆ ಬಿಟ್ಟರೆ ಏಳು ವರ್ಷವೂ ಕೆಳಗಿನ ಮೆಟ್ಟಿಲ ಹತ್ತಿರವೇ ಕೂತಿದ್ದ. ಅವನ ಹೆಂಡತಿ ಅಂಬಮ್ಮನಿಗೆ ಈ ಮಾತು ನೆನಪಾದಾಗಲೆಲ್ಲ ಮೈ ಉರಿಯುತ್ತದೆ. ಅಳು ಆಮೇಲೆ ಬರುತ್ತದೆ.

ಹೊನ್ನೂರಪ್ಪ ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲಿ. ಮೂರನೇ ವರ್ಷಕ್ಕೆ ಜ್ವರ ಬಂತು. ಜ್ವರ ಹೋಗುವಾಗ ಕಾಲು ತೆಗೆದುಕೊಂಡು ಹೋಯಿತು. ಸಾಲಿ ಊರ ಆ ತುದಿಗೆ. ಹೊತ್ತು ಒಯ್ಯುವವರಿಲ್ಲ. ಮನೆಯ ಎದುರಿಗೇ ಶಾನುಭೋಗರ ಕಟ್ಟೆ ಇತ್ತು. ತೆವಳಿಕೊಂಡು ಹೋಗಿ ಅಲ್ಲಿ ಕೂರುತ್ತಿದ್ದ. ಶಾನುಭೋಗರಿಗೂ ಹೊತ್ತು ಹೋಗಬೇಕಲ್ಲ, ಅಕ್ಷರ ಕಲಿಸಿದರು. ಅಕ್ಷರದ ಜೊತೆ ಒಂದು ಮಾತನ್ನೂ ಕಲಿಸಿದರು.

"ಸಹಿ ಅಂದ್ರ ಬರೇ ಹೆಸರಲ್ಲಲೇ. ಯಾವತ್ತು ಹಾಕಿದಿ, ಎಲ್ಲಿ ಕುಂತು ಹಾಕಿದಿ, ಅದೂ ಬೇಕು. ಮುಕ್ಕಾಂ ಇಲ್ಲದ ಸಹಿ, ಮೂಗಿಲ್ಲದ ಮಾರಿ."

ಆ ಕಡೆಯ ಕಾಗದ ಪತ್ರದಲ್ಲೆಲ್ಲ ಹಾಗೆ ಬರೆಯುವುದಿತ್ತು. ಮುಕ್ಕಾಂ ಸಿರುಗುಪ್ಪ, ಮುಕ್ಕಾಂ ಬಳ್ಳಾರಿ ಎಂದು. ಕೂತ ಊರಿನ ಹೆಸರು ಬರೆದರೆ ಎಲ್ಲರಿಗೂ ಸಾಕು. ಹೊನ್ನೂರಪ್ಪನಿಗೆ ಸಾಲದು. ಅವನು ಕೂತ ಜಾಗವನ್ನೇ ಬರೆಯುತ್ತಿದ್ದ. ಸಿರುಗುಪ್ಪದ ಉಸ್ತಾದರ ಹತ್ತಿರ ಹೊಲಿಗೆ ಕಲಿಯುವಾಗ ಅಳತೆ ಪುಸ್ತಕದಲ್ಲಿ, "ಮುಕ್ಕಾಂ: ಉಸ್ತಾದರ ಅಂಗಡಿ, ಕಿಟಕಿ ಬದಿ." ಮದುವೆಯ ದಿನ ಬೀಗರ ಕಾಗದಕ್ಕೆ ಸಹಿ ಹಾಕಿ, "ಮುಕ್ಕಾಂ: ಚಪ್ಪರದ ಕೆಳಗೆ, ಕಂಬಳಿ ಮೇಲೆ." ಪುರೋಹಿತರು ನಕ್ಕರು. ಅವನು ನಗಲಿಲ್ಲ.

ಅಂಬಮ್ಮ ಕುರುಗೋಡಿನವಳು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಕಾಲಿಲ್ಲದ ಗಂಡ ಎಂದು ಅವ್ವ ಅಳುತ್ತಾ ಕೂತಾಗ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ.

"ಕಾಲಿದ್ದ ಅಳಿಯಂದ್ರನ್ನ ಇಬ್ಬರನ್ನ ನೋಡೀವಿ. ಒಬ್ಬಾವ ಸೇಂದಿ ಅಂಗಡಿಗೆ ಓಡ್ತಾನ, ಇನ್ನೊಬ್ಬಾವ ಊರೇ ಬಿಟ್ಟು ಓಡ್ಯಾನ. ಇಂವ ಓಡಿ ಹೋಗೂದಿಲ್ಲ."

ಓಡಿ ಹೋಗಲಿಲ್ಲ. ಬಳ್ಳಾರಿಗೆ ಬಂದ, ಕೈಯಿಂದ ತಿರುಗಿಸುವ ಮಷೀನು ಇಟ್ಟ, ಚಡ್ಡಿ ಅಂಗಿ ಹೊಲಿದ. ಸಿರುಗುಪ್ಪ ರಸ್ತೆಯಲ್ಲಿ ಸಂಘದವರು ಕಾಲಿಲ್ಲದ ಮಕ್ಕಳಿಗೆ ಹಾಸ್ಟೆಲ್ ತೆರೆದಾಗ ಹೊಲಿಗೆ ಕಲಿಸಲು ಅವನನ್ನು ಕರೆದರು. ಅಂಬಮ್ಮನನ್ನು ಅಡಿಗೆಗೆ ಇಟ್ಟುಕೊಂಡರು. ಹೆಂಚಿನ ಮನೆ, ಹದಿನೆಂಟು ಮಕ್ಕಳು. ಗಂಡುಮಕ್ಕಳು ಒಂದು ಕಡೆ, ಹೆಣ್ಣುಮಕ್ಕಳು ಒಂದು ಕಡೆ, ನಡುವೆ ಅಂಬಮ್ಮನ ಒಲೆ.

ಹೊನ್ನೂರಪ್ಪ ಬಂದ ವಾರದಲ್ಲೇ ಒಂದು ಕೆಲಸ ಮಾಡಿದ. ಬಡಿಗನನ್ನು ಕರೆಸಿ ಮನೆಯ ಎಲ್ಲ ಬಾಗಿಲಿನ ಹೊಸ್ತಿಲು ಕೀಳಿಸಿದ. ಸಂಘದ ಕಾರ್ಯದರ್ಶಿ ಉಜ್ಜಿನಪ್ಪ ಮಾಸ್ತರರು ಓಡಿ ಬಂದರು. ನಿವೃತ್ತ ಹೆಡ್ ಮಾಸ್ತರರು ಅವರು, ಶುಭ ಅಶುಭ ಎಲ್ಲ ಬಾಯಿಪಾಠ.

"ಏನ್ ಮಾಡಿದ್ಯೋ ಹೊನ್ನೂರಪ್ಪ? ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಬರೂದಿಲ್ಲೋ!"

"ಹುಡುಗ್ರು ಬರ್ತಾವಲ್ರೀ ಮಾಸ್ತರ್ರ," ಎಂದ ಅವನು. ಮಷೀನಿನ ಮೇಲಿಂದ ಕಣ್ಣು ಎತ್ತಲಿಲ್ಲ.

ಮಕ್ಕಳು ಬಂದವು, ಹೋದವು. ಒಲೆಯಿಂದ ಬಾವಿಗೆ, ಬಾವಿಯಿಂದ ಬಚ್ಚಲಿಗೆ, ಅಲ್ಲಿಂದ ಮಷೀನಿಗೆ. ಯಾರನ್ನೂ ಕೂಗಬೇಕಿಲ್ಲ, ಎತ್ತು ಎನ್ನಬೇಕಿಲ್ಲ. ಅಂಬಮ್ಮನಿಗೆ ಆಗ ತಿಳಿಯಲಿಲ್ಲ. ನೆಲ ಸಮನಾಗಿದ್ದರೆ ಅರ್ಧ ಕಾಲು ಬಂದಂತೆ ಎಂದು ಆಮೇಲೆ ತಿಳಿಯಿತು.

ಮಂಡಳಿಯವರು ವರ್ಷಕ್ಕೆ ಎರಡು ಸಲ ಹಾಸ್ಟೆಲಿಗೆ ಬರುತ್ತಿದ್ದರು. ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಬಾಳೆಹಣ್ಣು ಕೊಟ್ಟು ತಲೆ ಸವರಿ ಹೋಗುತ್ತಿದ್ದರು. ಒಂದು ಜನವರಿಯಲ್ಲಿ ಮಾಸ್ತರರು ಕಾರ್ಯಕ್ರಮದ ಪಟ್ಟಿ ಓದಿದರು. ಧ್ವಜವಂದನೆ, ಭಾಷಣ, ಓಟದ ಸ್ಪರ್ಧೆ, ಬಹುಮಾನ. ತಮ್ಮ ಹಳೇ ಸಾಲಿಯ ಪಟ್ಟಿಯನ್ನೇ ಇಳಿಸಿಕೊಂಡು ಬಂದಿದ್ದರು. ಹದಿನೆಂಟು ಮಕ್ಕಳು ಅವರ ಮುಖ ನೋಡಿದವು. ಬಹುಮಾನಕ್ಕೆ ತಂದ ಕಂಚಿನ ಲೋಟ ವಾಪಸು ಒಯ್ಯುವುದು ಹೇಗೆ? ಕೊನೆಗೆ ಅಧ್ಯಕ್ಷರ ಮೊಮ್ಮಗ ಒಬ್ಬನೇ ಓಡಿದ. ಮೊದಲನೆಯವನಾಗಿ ಬಂದ.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಸರ್ಕಾರದಿಂದ ಒಂದು ಕಾಗದ ಬಂತು. ಇಂಥ ಸಂಘಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಅಂಗವಿಕಲರು ಇರಲೇಬೇಕು ಎಂದು. ಮೇಲೆ ಕೂತವರಿಗೆ ಇದು ವಿಚಿತ್ರ ಅನ್ನಿಸಿತು. ಕುಂಟರ ಸಂಘಕ್ಕೆ ಕುಂಟರು ಯಾಕೆ?

"ನಮ್ಮ ಟೇಲರ್ ಅದಾನಲ್ಲ," ಎಂದರು ಕೊಟ್ರಬಸಪ್ಪನವರು. "ಬಡವ. ಬಾಯಿ ಸಣ್ಣದು."

ಅಧ್ಯಕ್ಷರಿಗೆ ಹತ್ತಿಯ ಪರೀಕ್ಷೆ ಚೆನ್ನಾಗಿ ಬರುತ್ತಿತ್ತು. ಮನುಷ್ಯರದು ಅಷ್ಟಿಲ್ಲ.

ಮೊದಲ ಸಭೆಯ ದಿನ ಅಂಬಮ್ಮ ಗಂಡನ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ಮೂರು ಗಾಲಿಯ ಕೈಗಾಡಿಯಲ್ಲಿ ಅವನು ಪೇಟೆಗೆ ಹೋದ. ಅವಳು ಪಕ್ಕದಲ್ಲಿ ನಡೆದಳು. ಮೆಟ್ಟಿಲ ಹತ್ತಿರ ಹೋಗಿ ಇಬ್ಬರೂ ಮೇಲೆ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

ಮೇಲಿನಿಂದ ಅಧ್ಯಕ್ಷರು ಕೂಗಿದರು. "ಲೇ, ಯಾರಲೇ ಅಲ್ಲಿ? ಟೇಲರ್‌ನ ಎತ್ಕೊಂಡು ಬರ್ರಿ!"

ಇಬ್ಬರು ಹಮಾಲರು ಬಂದರು. ಮೂಟೆ ಎತ್ತಿ ಎತ್ತಿ ರೂಢಿ, ಒಬ್ಬನ ಕೈಯಲ್ಲಿ ಕೊಕ್ಕೆ ಹಾಗೇ ಇತ್ತು.

"ಕೊಕ್ಕಿ ಇಡೋ ಮಾರಾಯಾ," ಎಂದಳು ಅಂಬಮ್ಮ. "ಇದು ಹತ್ತಿ ಅಲ್ಲ, ನನ್ನ ಗಂಡ."

ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲಿಗೆ. ಹನ್ನೊಂದನೇ ಮೆಟ್ಟಿಲಲ್ಲಿ ಧೋತರ ಜಾರಿತು. ಕೆಳಗೆ ಪೇಟೆ ಪೂರ್ತಿ ನೋಡಿತು. ಮೇಲೆ ಒಂದು ನಗು ಎದ್ದಿತು. ಅಂದು ಸಭೆಯಲ್ಲಿ ಏನು ಮಾತಾಯಿತೋ ಹೊನ್ನೂರಪ್ಪನಿಗೆ ಒಂದೂ ಕಿವಿಗೆ ಬೀಳಲಿಲ್ಲ. ಮನೆಯಲ್ಲಿ ಒಂದೇ ಮಾತು ಆಡಿದ.

"ಒಮ್ಮಿ ಹೊತ್ತವರು ನಾಳಿ ತಮಗ ಬೇಕಾದಲ್ಲಿ ಇಳಸ್ತಾರ ಅಂಬೀ. ಇನ್ನ ನಾ ಹೊರಸ್ಕೊಳ್ಳೂದಿಲ್ಲ."

ಮುಂದಿನ ತಿಂಗಳು ಅವನು ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸಿ ಅಲ್ಲೇ ಕೂತ. ಸಭೆ ಕೆಳಗೆ ನಡೆಸಿರಿ ಎಂದು ಹೇಳಿ ಕಳಿಸಿದ. ಮೇಲಿನವರು ಯೋಚನೆ ಮಾಡಿದರು. ಕೆಳಗೆ ಧೂಳು. ಗಾದಿ ಇಳಿಸಬೇಕು, ಫ್ಯಾನು ಇಲ್ಲ. ಅಧ್ಯಕ್ಷರ ಪಟ ಇಲ್ಲ. ಅದಕ್ಕೆ ಒಂದು ದಾರಿ ಕಂಡುಹಿಡಿದರು. ಸಭೆ ಮೇಲೆ ನಡೆಯಲಿ, ನಡಾವಳಿ ಪುಸ್ತಕ ಕೆಳಗೆ ಹೋಗಲಿ, ಹೊನ್ನೂರಪ್ಪ ಸಹಿ ಹಾಕಲಿ, ಪುಸ್ತಕ ಮೇಲೆ ಬರಲಿ. ಪುಸ್ತಕಕ್ಕೆ ಕಾಲು ನೋವಿಲ್ಲ.

ಪುಸ್ತಕ ತರುವವನು ಅಂಗಡಿಯ ಮುದುಕ ಗುಮಾಸ್ತ ಗಾಳೆಪ್ಪ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಚಾದ ಲೋಟ. ಕೆಮ್ಮುತ್ತಾ ಇಳಿಯುವನು. ಸಹಿ ಆದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಲೋಟವನ್ನು ಅದರ ಮೇಲಿಟ್ಟುಕೊಂಡು ಕೆಮ್ಮುತ್ತಾ ಹತ್ತುವನು. ಮಾಸ್ತರರು ಲೋಟ ಕೆಳಗಿಟ್ಟು ಪುಸ್ತಕವನ್ನು ಕಪಾಟಿಗೆ ಸೇರಿಸುವರು. ತೆರೆದು ನೋಡುವುದು ಏನಿದೆ? ಅದರಲ್ಲಿ ಬರೆದದ್ದನ್ನೆಲ್ಲ ಅವರು ಹಿಂದಿನ ದಿನವೇ ಮನೆಯಲ್ಲಿ ದುಂಡಗೆ ಬರೆದು ತಂದಿರುತ್ತಿದ್ದರು. ಚರ್ಚೆಯಾಯಿತು, ಸರ್ವಾನುಮತದಿಂದ ಒಪ್ಪಲಾಯಿತು, ಅಧ್ಯಕ್ಷರಿಗೆ ವಂದನೆ. ಸಭೆ ನಡೆಯುವುದು ಆಮೇಲೆ.

ಹೊನ್ನೂರಪ್ಪನ ಸಹಿ ಮಾತ್ರ ಅವರಿಗೆ ಬೇಕಿತ್ತು. ಒಂಬತ್ತರಲ್ಲಿ ಐದು ಜನ ಇದ್ದರೇ ಸಭೆ, ಇಲ್ಲದಿದ್ದರೆ ಅದು ಬರೀ ಹರಟೆ ಎಂದು ಕಾನೂನು. ಮೇಲೆ ಬರುವವರು ನಾಲ್ಕೇ ಜನ. ಉಳಿದ ನಾಲ್ವರು ವರ್ಷಕ್ಕೊಮ್ಮೆ, ಫೋಟೋ ತೆಗೆಯುವ ದಿನ ಬರುತ್ತಿದ್ದರು. ಅಂದು ಫೋಟೋ ಬಿಟ್ಟರೆ ಬೇರೆ ವಿಷಯವೇ ಇರುತ್ತಿರಲಿಲ್ಲ. ಹಾಗಾಗಿ ಪ್ರತಿ ಸಭೆಗೂ ಮೇಲೆ ನಾಲ್ಕು, ಕೆಳಗೆ ಒಂದು. ಕೂಡಿಸಿದರೆ ಐದು.

ಕೆಳಗೆ ಕೂತು ಹೊನ್ನೂರಪ್ಪ ಜೊತೆಗೆ ಬಂದ ಅಂಬಮ್ಮನಿಗೆ ಮೇಲಿನದನ್ನೆಲ್ಲ ಹೇಳುತ್ತಿದ್ದ. ಅಧ್ಯಕ್ಷರಿಗೆ ಮೊಣಕಾಲು ನೋವು, ಹನ್ನೊಂದನೇ ಮೆಟ್ಟಿಲಲ್ಲಿ ನಿಂತು ದಮ್ಮು ಎಳೆಯುವರು. ಮಾಸ್ತರರ ಚಪ್ಪಲಿ ಸವೆದದ್ದು, ಎಡಗಾಲು ಚಟ್ ಎನ್ನುವುದು. ಒಗ್ಗರಣೆ ಮಂಡಕ್ಕಿ ಮೇಲೆ ಹೋದರೆ ಸಣ್ಣ ವಿಷಯ. ಮಿರ್ಚಿ ಬಜ್ಜಿಯೂ ಹೋದರೆ ದೊಡ್ಡ ವಿಷಯ.

"ಇವತ್ತ ಮಿರ್ಚಿ ಎರಡು ಸಲ ಹೋದುವು," ಎಂದ ಒಂದು ದಿನ. "ಏನೋ ಐತಿ."

ಅದು ಎಂಬತ್ತೊಂದನೇ ಇಸವಿ. ಲೋಕಕ್ಕೆಲ್ಲ ಅಂಗವಿಕಲರ ವರ್ಷ ಎಂದು ಸಾರಿದ್ದರು. ಆ ವರ್ಷ ಏನಾದರೂ ದೊಡ್ಡದು ಮಾಡಬೇಕೆಂದು ಎಲ್ಲ ಸಂಘಗಳಿಗೂ ಹುಕಿ. ಗಾಳೆಪ್ಪ ಪುಸ್ತಕ ತಂದ. ಹೊನ್ನೂರಪ್ಪ ಓದಿದ. ಕುರುಗೋಡಿನ ಸಾಹುಕಾರರೊಬ್ಬರು ತಮ್ಮ ಗುಡ್ಡದ ಮನೆಯನ್ನು ಸಂಘಕ್ಕೆ ದಾನ ಕೊಡಲು ಒಪ್ಪಿದ್ದಾರೆ. ಬಾಗಿಲ ಮೇಲೆ ಅವರ ತಂದೆಯ ಹೆಸರು ಕೆತ್ತಿಸಬೇಕು, ದೀಪಾವಳಿಯ ಒಳಗೆ ಮಕ್ಕಳನ್ನು ತುಂಬಬೇಕು. ಹಾಸ್ಟೆಲನ್ನು ಅಲ್ಲಿಗೆ ಸಾಗಿಸುವ ಬಗ್ಗೆ ಮುಂದಿನ ಸಭೆಯಲ್ಲಿ ಠರಾವು. ಸಿರುಗುಪ್ಪ ರಸ್ತೆಯ ಈಗಿನ ಹೆಂಚಿನ ಮನೆ ಖಾಲಿಯಾಗುತ್ತದೆ. ಅದರ ಗೋಡೆಗೆ ಗೋಡೆ ಹಚ್ಚಿ ಅಧ್ಯಕ್ಷರ ಹತ್ತಿ ಗೋದಾಮು ಇತ್ತು. ಅವರಿಗೆ ಜಾಗ ಸಾಲದಾಗಿತ್ತು. ದೇವರು ಎಲ್ಲವನ್ನೂ ಹೊಂದಿಸುತ್ತಾನೆ.

"ಗುಡ್ಡದ ಮನಿ ಅಂದ್ರ ಯಾವುದು?" ಎಂದು ಹೊನ್ನೂರಪ್ಪ ಕೇಳಿದ.

ಅಂಬಮ್ಮನಿಗೆ ಗೊತ್ತಿತ್ತು. ಸಣ್ಣವಳಿದ್ದಾಗ ಅದರ ಕೆಳಗೆ ಕಟ್ಟಿಗೆ ಆರಿಸಿದವಳು. ಆದರೂ ನೆನಪಿನ ಮಾತು ಬೇಡ ಎಂದು ಮಾರನೇ ದಿನ ಬಸ್ಸು ಹತ್ತಿ ಕುರುಗೋಡಿಗೆ ಹೋದಳು. ಬಂಡೆ ಕಡಿದು ಮಾಡಿದ ಮೆಟ್ಟಿಲು. ಒಂದೊಂದೂ ಮೊಣಕಾಲುದ್ದ. ಎಣಿಸುತ್ತಾ ಹತ್ತಿದಳು, ಎಣಿಸುತ್ತಾ ಇಳಿದಳು. ಎರಡೂ ಸಲ ನಲವತ್ತಮೂರು. ಮೇಲೆ ಗಾಳಿ ಚೆನ್ನಾಗಿತ್ತು. ನೀರು ಕೆಳಗಿತ್ತು. ಸಾಲಿಯೂ ಕೆಳಗಿತ್ತು.

ಸಂಜೆ ರೊಟ್ಟಿ ಬಡಿಯುತ್ತಾ ಗಂಡನಿಗೆ ಹೇಳುವಾಗ ಜಂಬಮ್ಮ ಅಲ್ಲೇ ಇದ್ದಳು. ಹಚ್ಚೊಳ್ಳಿಯ ಹುಡುಗಿ, ಒಂಬತ್ತು ವರ್ಷ. ಹೊನ್ನೂರಪ್ಪನೇ ಹೋಗಿ ಕರೆದುಕೊಂಡು ಬಂದವಳು. ಎರಡು ಕೈ ಊರಿ ಗಾಳಿಯಂತೆ ಹೋಗುತ್ತಿದ್ದಳು.

"ಮಾಮಾ, ನಲವತ್ತಮೂರು ಹೆಂಗ ಹತ್ತೂದು?"

"ನಿನ್ನ ಯಾರು ಹತ್ತು ಅಂದ್ರು?"

"ದಿನಾ ಸಾಲಿಗೆ ಇಳೀಬೇಕಲ್ಲ."

ಹೊನ್ನೂರಪ್ಪನಿಗೆ ತನ್ನ ಊರಿನ ಸಾಲಿ ನೆನಪಾಗಿರಬೇಕು.

ಮುಂದಿನ ಸಭೆಗೆ ಮಿರ್ಚಿ ಮೊದಲೇ ಹೋಗಿದ್ದವು. ಹೊನ್ನೂರಪ್ಪ ಒಂದು ಚೀಟಿ ಬರೆದು ಗಾಳೆಪ್ಪನ ಕೈಲಿ ಮೇಲೆ ಕಳಿಸಿದ. "ಕುರುಗೋಡಿನ ಮನೆಗೆ ನಲವತ್ತಮೂರು ಮೆಟ್ಟಿಲು. ಮಕ್ಕಳು ಹತ್ತಲಾರರು." ಗಾಳೆಪ್ಪ ಇಳಿದು ಬಂದ.

"ಮ್ಯಾಲ ಗಾಳಿ ಚಲೋ ಐತಂತ. ಹಿಂಗ ಹೇಳು ಅಂದ್ರು."

ಹೊನ್ನೂರಪ್ಪ ಪುಸ್ತಕ ತೆರೆದ, ಪೆನ್ನು ಮುಟ್ಟಲಿಲ್ಲ. ಹೊತ್ತಾಯಿತು. ಚಪ್ಪಲಿಯ ಚಟ್ ಸಪ್ಪಳ ಕೇಳಿತು. ಮಾಸ್ತರರು ಇಳಿದು ಬಂದರು. ಪೂರ್ತಿ ಬರಲಿಲ್ಲ. ಮೂರು ಮೆಟ್ಟಿಲು ಉಳಿಸಿಕೊಂಡು ನಿಂತರು.

"ಯಾಕ ಹೊನ್ನೂರಪ್ಪ, ಸಹಿಗೆ ತಡ?"

"ಮೆಟ್ಟಿಲು ಅದಾವ ಮಾಸ್ತರ್ರ."

"ಮೆಟ್ಟಿಲು ಎಲ್ಲಾ ಕಡಿ ಇರ್ತಾವ. ಮನಷಾ ಮ್ಯಾಲ ಬರಬೇಕಂದ್ರ ಮೆಟ್ಟಿಲು ಹತ್ತಲೇಬೇಕು. ಇದು ನೀತಿ."

"ನೀತಿಗೆ ಕಾಲು ಬೇಕಲ್ರೀ."

"ಹೊತ್ಕೊಂಡು ಹೋಗಾಕ ಒಬ್ಬಾಳು ಇಡೂಣು."

"ಹದಿನೆಂಟು ಮಂದೀನ ಒಬ್ಬಾಳು? ನೀರಿಗೊಮ್ಮಿ, ಸಾಲಿಗೊಮ್ಮಿ?"

"ನೀರು ಮ್ಯಾಲೇ ತರಸೂಣು. ಸಾಲಿ... ಸಾಲಿ ಓದಿ ಇವೇನು ತಹಶೀಲ್ದಾರ್ ಆಗಬೇಕೇನಪ್ಪ?"

ಅಂಬಮ್ಮನಿಗೆ ತಡೆಯಲಾಗಲಿಲ್ಲ. "ಹಂಗಾದ್ರ ಒಮ್ಮಿ ಏರಿಸಿದ ಮ್ಯಾಲ ಇಳಸೂದು ಹೆಣ ಆದಾಗ ಅನ್ರಿ ಮಾಸ್ತರ್ರ."

"ಸಭಾದಾಗ ಹೆಂಗಸ್ರು ಮಾತಾಡಬಾರದವಾ," ಎಂದರು ಮಾಸ್ತರರು.

"ಇದು ಸಭಾ ಏನ್ರಿ? ಸಭಾ ಮ್ಯಾಲ ಐತಿ ಅಂತ ತಿಳ್ಕೊಂಡಿದ್ನಿ."

ಆ ಮಾತು ಕೇಳಿ ಹೊನ್ನೂರಪ್ಪ ಹೆಂಡತಿಯ ಮುಖ ನೋಡಿದ. ಪುಸ್ತಕದ ಹಿಂದಿನ ಹಾಳೆ ತಿರುವಿದ. ಅದರ ಹಿಂದಿನದೂ ತಿರುವಿದ. ಆಮೇಲೆ ಪೆನ್ನು ತೆಗೆದುಕೊಂಡು ಸಹಿ ಹಾಕಿಬಿಟ್ಟ. ಸಹಿಯ ಕೆಳಗೆ ಎಂದಿನಂತೆ ಇನ್ನೊಂದು ಸಾಲು ಗೀಚಿದ. ಗಾಳೆಪ್ಪ ಪುಸ್ತಕ ಮುಚ್ಚಿ ಲೋಟ ಇಟ್ಟುಕೊಂಡು ಹತ್ತಿದ. ಮೇಲೆ ಚಪ್ಪಾಳೆ ಕೇಳಿತು.

ಅಂದು ಅಂಬಮ್ಮ ಗಾಡಿಯ ಪಕ್ಕ ನಡೆಯಲಿಲ್ಲ. ಇಪ್ಪತ್ತು ಮಾರು ಮುಂದೆ ನಡೆದಳು. ಮನೆಯಲ್ಲಿ ತಾಟಿಗೆ ಎರಡು ರೊಟ್ಟಿ ಎಸೆದಳು, ಪಲ್ಯ ಹಾಕಲಿಲ್ಲ. ಹೊನ್ನೂರಪ್ಪ ಒಣ ರೊಟ್ಟಿ ಮುರಿದ.

"ಉಪ್ಪರ ಕೊಡಲೇ."

"ಅಧ್ಯಕ್ಷರ್ನ ಕೇಳ್ರಿ. ಸಹಿ ಹಾಕಿ ಕೊಟ್ಟು ಬಂದೀರಲ್ಲ, ಉಪ್ಪು ಕೊಡ್ತಾರ."

"ನಾ ಹಾಕಲಿಲ್ಲ ಅಂತಿಟ್ಕೋ. ಮುಂದಿನ ವಾರ ಇನ್ನೊಬ್ಬನ್ನ ಎಳಕೊಂಡು ಬಂದು ಐದು ಮಾಡ್ತಾರ. ಠರಾವು ಗಟ್ಟಿ ಆಕ್ಕೈತಿ. ಈಗ ನಾ ಹಾಕೀನಿ. ಐದು ಮಂದಿ ಅದೀವಿ ಅಂತ ಅವರು ತಿಳ್ಕೊಂಡಾರ. ನಾಕೇ ಮಂದಿ ಅದಾರ."

"ಅದ್ಹೆಂಗ?"

"ನಾ ಎಲ್ಲಿ ಕುಂತೀನಿ ಅಂತ ಬರದೀನಲ್ಲ. ಈ ಸಲ ಅಷ್ಟಾ ಅಲ್ಲ, ಏಳು ವರ್ಷದಿಂದ ಬರಕೋತ ಬಂದೀನಿ."

ಅಂಬಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಗಂಡನ ಮುಖದಲ್ಲಿ ಏನೋ ಕಂಡಳು. ಪಲ್ಯ ಹಾಕಿದಳು. ಅವನು ಒಂದು ಅಂಚೆ ಕಾರ್ಡು ತರಲು ಹೇಳಿದ. ಜಿಲ್ಲೆಯಲ್ಲಿ ಇಂಥ ಸಂಘಗಳನ್ನು ನೋಡಿಕೊಳ್ಳುವ ಆಫೀಸಿಗೆ ಎರಡೇ ಸಾಲು ಬರೆದ. "ಸಂಘದ ನಡಾವಳಿ ಪುಸ್ತಕ ತರಿಸಿ ಓದಬೇಕು. ಮೊದಲು ಮುಕ್ಕಾಂ ಓದಬೇಕು." ಸಹಿ. "ಮುಕ್ಕಾಂ: ಹಾಸ್ಟೆಲು, ಮಷೀನಿನ ಮುಂದೆ." ಡಬ್ಬಿಗೆ ಹಾಕಿದ್ದು ಅಂಬಮ್ಮ.

ಕಾರ್ಡು ಹೋಗಿ ಒಂದು ತಿಂಗಳು ಏನೂ ಆಗಲಿಲ್ಲ. ಕುರುಗೋಡಿನಲ್ಲಿ ಹೆಸರಿನ ಕಲ್ಲು ತಯಾರಾಯಿತು. ಹಾಸ್ಟೆಲಿನ ಪಾತ್ರೆಗಳಿಗೆ ಗಾಳೆಪ್ಪ ಸುಣ್ಣದಲ್ಲಿ ಗುರುತು ಹಾಕಿ ಹೋದ. ಅಂಬಮ್ಮನಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಸಾರಿಗೆ ಉಪ್ಪಿಲ್ಲ.

ಎರಡನೇ ಭಾನುವಾರ ಸಭೆಯ ಹೊತ್ತಿಗೆ ಸರಿಯಾಗಿ ಪೇಟೆಗೆ ಒಂದು ಜೀಪು ಬಂತು. ಇಳಿದವರು ಸಣ್ಣ ವಯಸ್ಸಿನ ಆಫೀಸರಮ್ಮ, ಮೈಸೂರು ಕಡೆಯವರು. ಅಂಗವಿಕಲರ ವರ್ಷ ಅಲ್ಲವೇ, ಅಧ್ಯಕ್ಷರು ಸನ್ಮಾನಕ್ಕೆ ಬಂದರೆಂದು ತಿಳಿದು ಹಾರ ತರಿಸಿದರು. ಆಫೀಸರಮ್ಮ ಮೆಟ್ಟಿಲ ಹತ್ತಿರ ಕೂತವನನ್ನು ನೋಡಿ ನಿಂತರು.

"ನೀವು ಹೊನ್ನೂರಪ್ಪನೋರಾ?"

"ಹೌದ್ರಿ ಅಮ್ಮಾರ."

"ಮೀಟಿಂಗ್ ಎಲ್ಲಿ ನಡೆಯತ್ತೆ?"

"ಮ್ಯಾಲ್ರಿ."

"ನೀವು?"

"ಕೆಳಗ್ರಿ."

ಅವರು ಹತ್ತೊಂಬತ್ತು ಮೆಟ್ಟಿಲು ಹತ್ತಿ ಹೋಗಿ ಪುಸ್ತಕ ಹಿಡಿದುಕೊಂಡು ಮತ್ತೆ ಇಳಿದು ಬಂದರು. ಹಿಂದೆ ಹಾರ ಹಿಡಿದ ಮಾಸ್ತರರು. ಅವರ ಹಿಂದೆ ಮೊಣಕಾಲು ಹಿಡಿದುಕೊಂಡು ಅಧ್ಯಕ್ಷರು. ಆಫೀಸರಮ್ಮ ಹತ್ತಿ ಮೂಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಹಮಾಲರೆಲ್ಲ ಸುತ್ತ ನಿಂತರು.

"ಹೊನ್ನೂರಪ್ಪ. ಮುಕ್ಕಾಂ, ಮೆಟ್ಟಿಲ ಕೆಳಗೆ." ಹಾಳೆ ತಿರುವಿದರು. "ಮುಕ್ಕಾಂ, ಮೆಟ್ಟಿಲ ಕೆಳಗೆ." ಮತ್ತೆ ತಿರುವಿದರು. "ಮುಕ್ಕಾಂ, ಮೆಟ್ಟಿಲ ಕೆಳಗೆ, ಮಳೆ, ಮೂಟೆಯ ಮರೆಯಲ್ಲಿ. ಏನ್ರೀ ಇದು ಮೇಷ್ಟ್ರೇ?"

ಮಾಸ್ತರರು ಪುಸ್ತಕವನ್ನು ಏಳು ವರ್ಷದಲ್ಲಿ ಮೊದಲ ಸಲ ಓದಿದರು.

"ಇವರು ಸಭೇಲೇ ಇರಲಿಲ್ಲ ಅಂತ ಇವರೇ ಬರೆದಿದಾರೆ. ನೀವು ನಾಲ್ಕು ಜನ. ಕೋರಂ ಐದು. ಅಂದ್ರೆ ಮೊದಲನೇದು ಬಿಟ್ಟರೆ ಏಳು ವರ್ಷದಿಂದ ನಿಮ್ಮ ಸಂಘ ಒಂದು ಸಭೆಯನ್ನೂ ಮಾಡಿಲ್ಲ."

"ಮಾಡೀವ್ರಿ ಮೇಡಂ! ಮಿರ್ಚಿ ತಿಂದಿದ್ದಕ್ಕ ಗಾಳೆಪ್ಪ ಸಾಕ್ಷಿ ಅದಾನ," ಎಂದುಬಿಟ್ಟರು ಅಧ್ಯಕ್ಷರು.

ಗಾಳೆಪ್ಪನಿಗೆ ಕೆಮ್ಮು ಬಂತು. ಹಮಾಲರಿಗೂ ಬಂತು.

ಏಳು ವರ್ಷದ ಠರಾವುಗಳು ಆ ಮೂಟೆಯ ಮೇಲೆ ಒಂದೇ ಗಳಿಗೆಯಲ್ಲಿ ರದ್ದಾದವು. ಕುರುಗೋಡಿಗೆ ಸಾಗಿಸುವ ಠರಾವು ಹೋಯಿತು. ಅಧ್ಯಕ್ಷರನ್ನು ಮೂರನೇ ಸಲ ಆರಿಸಿದ ಠರಾವೂ ಅದರೊಳಗೇ ಇತ್ತು, ಅದೂ ಹೋಯಿತು. ಮತ್ತೆ ಸಭೆ ಸೇರುವುದಿದ್ದರೆ ಎಲ್ಲ ಸದಸ್ಯರೂ ಬರಬಹುದಾದ ಜಾಗದಲ್ಲಿ ಸೇರಬೇಕೆಂದು ಆಫೀಸರಮ್ಮ ಬರೆದು ಕೊಟ್ಟು ಹೋದರು. ಹಾರ ಮಾಸ್ತರರ ಕೈಯಲ್ಲೇ ಉಳಿಯಿತು.

ಹೊಸ ಸಭೆ ಹಾಸ್ಟೆಲಿನ ಅಂಗಳದಲ್ಲಿ ನಡೆಯಿತು. ಒಂಬತ್ತೂ ಜನ ಬಂದರು. ಹೊನ್ನೂರಪ್ಪ ಮಕ್ಕಳನ್ನೆಲ್ಲ ಸುತ್ತ ಕೂರಿಸಿದ್ದ. ಕುರುಗೋಡಿನ ಮಾತು ಬಂದಾಗ ಒಂದೇ ಮಾತು ಕೇಳಿದ. "ಮನಿ ನೋಡಿ ಬಂದವರು ಕೈ ಎತ್ರಿ." ಯಾರ ಕೈಯೂ ಏಳಲಿಲ್ಲ. "ಜಂಬೀ, ನಲವತ್ತಮೂರು ಅಂದ್ರ ಎಷ್ಟು, ಎಣಿಸಿ ತೋರ್ಸು," ಎಂದ. ಅವಳು ಒಂದರಿಂದ ಶುರು ಮಾಡಿದಳು. ಇಪ್ಪತ್ತಕ್ಕೆ ಸದಸ್ಯರೊಬ್ಬರು ಸಾಕು ಎಂದರು. ಅವಳು ಬಿಡಲಿಲ್ಲ. ನಲವತ್ತಮೂರು ಮುಗಿಸಿದಳು. ಠರಾವು ಬಿದ್ದುಹೋಯಿತು. ದೀಪಾವಳಿ ಕಳೆಯಿತು, ಸಾಹುಕಾರರು ಆ ಮನೆಯನ್ನು ಗರಡಿಗೆ ಕೊಟ್ಟರು. ಹೆಸರಿನ ಕಲ್ಲು ಹಾಗೇ ಇದೆ. ಪೈಲ್ವಾನರು ಹತ್ತಿ ಇಳಿಯುತ್ತಾರೆ. ಅವರಿಗೆ ಮೆಟ್ಟಿಲು ಬೇಕು.

ಆ ಸಭೆಯಲ್ಲಿ ಅಧ್ಯಕ್ಷರು ಮತ್ತೆ ಅಧ್ಯಕ್ಷರಾದರು. ಬೇರೆ ಯಾರೂ ಗಾದಿ ಕೊಡುವವರಿರಲಿಲ್ಲ. ಅಂಗವಿಕಲ ಸದಸ್ಯನ ಹೆಸರು ಬಂದಾಗ ಮಾಸ್ತರರು ಗಂಟಲು ಸರಿ ಮಾಡಿಕೊಂಡರು. ಹೊನ್ನೂರಪ್ಪನವರು ಬಹಳ ದಿನ ದುಡಿದಿದ್ದಾರೆ, ದಣಿದಿದ್ದಾರೆ, ಬೇರೆಯವರಿಗೂ ಅವಕಾಶ ಸಿಗಲಿ ಎಂದರು. ಅಧ್ಯಕ್ಷರ ಭಾವಮೈದುನ ಅಯ್ಯಣ್ಣ ಎದ್ದು ನಿಂತ. ಅವನಿಗೆ ಎಡಗೈಯ ಕಿರುಬೆರಳು ಇರಲಿಲ್ಲ. ಹುಡುಗನಾಗಿದ್ದಾಗ ಅಡಕತ್ತರಿಗೆ ಸಿಕ್ಕಿ ಹೋಗಿತ್ತು. ಡಾಕ್ಟರರ ಕಾಗದ ಇತ್ತು. ಕಾಲು ಎರಡೂ ಗಟ್ಟಿ. ಐದು ಕೈ ಎದ್ದವು. ಮುಂದಿನ ತಿಂಗಳು ಸಭೆ ಮತ್ತೆ ಮಹಡಿಗೆ ಹೋಯಿತು. ಎಲ್ಲ ಸದಸ್ಯರೂ ಬರಬಹುದಾದ ಜಾಗವೇ ಅದು. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿತ್ತು.

ಅಂಬಮ್ಮ ಆ ದಿನ ಬೈದ ಬೈಗುಳ ಬರೆಯುವಂಥದ್ದಲ್ಲ. ಹೊನ್ನೂರಪ್ಪ ನಕ್ಕ.

"ಬೆರಳು ಹೋದಾವ ಮ್ಯಾಲ ಹೋದ. ಹುಡುಗ್ರು ಕೆಳಗ ಉಳಿದ್ವು. ಬಿಡಲೇ ಅಂಬೀ. ನನಗೇನು, ಅಲ್ಲಿ ಚಾ ಸುದ್ದ ಆರಿ ಬರ್ತಿತ್ತು."

ಮೂರು ವರ್ಷ ಕಳೆದ ಮೇಲೆ ಅವನಿಗೆ ಕೆಮ್ಮು ಹಿಡಿಯಿತು. ಹದಿನೈದು ದಿನ ಮಲಗಿದ. ಕೊನೆಯ ದಿನ ಬೆಳಿಗ್ಗೆ ಜಂಬಮ್ಮ ಹೊಲಿದ ಮೊದಲ ಅಂಗಿ ನೋಡಿ ಕಾಲರು ಸೊಟ್ಟ ಎಂದ. ಮಧ್ಯಾಹ್ನ ಹೋದ. ಓಡಿ ಹೋಗುವುದಿಲ್ಲ ಎಂದು ಅಪ್ಪ ಹೇಳಿದ್ದ. ಆ ಒಂದು ಮಾತಿಗೆ ಅಂಬಮ್ಮ ಅಪ್ಪನನ್ನು ಇನ್ನೂ ಕ್ಷಮಿಸಿಲ್ಲ.

ಸಂಘದವರು ಶೋಕಸಭೆ ಇಟ್ಟರು. ಎರಡನೇ ಭಾನುವಾರ, ಮಹಡಿಯ ಮೇಲೆ. ಮಕ್ಕಳು ಬರುತ್ತೇವೆಂದು ಹಟ ಹಿಡಿದವು. ಗಾಳೆಪ್ಪ ಹತ್ತಿ ಬಂಡಿ ಹೂಡಿಸಿಕೊಂಡು ಬಂದ, ಹದಿನೆಂಟೂ ಮಕ್ಕಳನ್ನು ತಂದು ಇಳಿಸಿದ. ಅವು ಮೆಟ್ಟಿಲ ಸುತ್ತ ಕೂತವು.

"ಅಂಬಮ್ಮಾ, ಮ್ಯಾಲ ಬಾರವಾ," ಎಂದು ಅಧ್ಯಕ್ಷರು ಮೇಲಿಂದಲೇ ಕರೆದರು. "ಪಟಕ್ಕ ಹಾರ ಹಾಕಬೇಕು."

ಅವಳ ಕಾಲು ಗಟ್ಟಿ ಇದ್ದವು. ಹೋಗಲಿಲ್ಲ.

ಮೇಲೆ ಭಾಷಣ ನಡೆಯಿತು. ದಿವಂಗತರು ಸಂಘದ ಆಧಾರಸ್ತಂಭ ಎಂದರು. ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದವರು ಎಂದರು. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕು ಎಂದರು. ಮೇಲೆ ಎದ್ದ ಸಪ್ಪಳ ಕೇಳಿತು. ಕೆಳಗೆ ಮಕ್ಕಳು ಕೂತೇ ಇದ್ದವು. ಅವು ಮಹಡಿಯವರಿಗಿಂತ ಬಹಳ ಮೊದಲೇ ಸುಮ್ಮನಾಗಿದ್ದವು.

ಗಾಳೆಪ್ಪ ಪುಸ್ತಕ ಹಿಡಿದು ಕೆಮ್ಮುತ್ತಾ ಇಳಿದು ಬಂದ. ಇನ್ನೊಂದು ಕೈಯಲ್ಲಿ ಚಾದ ಲೋಟ. ರೂಢಿಯ ಮೇಲೆ ತಂದಿದ್ದ. ಯಾರಿಗೆ ಕೊಡಬೇಕೆಂದು ತಿಳಿಯದೆ ಮೆಟ್ಟಿಲ ಮೇಲಿಟ್ಟ.

"ಶೋಕದ ಠರಾವವಾ. ಮುಟ್ಟಿತು ಅಂತ ಒಂದು ಸಹಿ ಹಾಕು."

ಅಂಬಮ್ಮನಿಗೆ ಹೆಸರು ಬರೆಯಲು ಬರುತ್ತಿತ್ತು. ಎರಡನೇ ಇಯತ್ತೆಯಲ್ಲಿ ಕಲಿತು ಮರೆತದ್ದನ್ನು ಗಂಡ ಮತ್ತೆ ಕಲಿಸಿದ್ದ. ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಗಾಳೆಪ್ಪ ಪುಸ್ತಕ ಎಳೆದುಕೊಂಡ.

"ತಡಿಯೋ," ಎಂದಳು. ಜಂಬಮ್ಮನ ಕಡೆ ತಿರುಗಿದಳು. "ಮುಕ್ಕಾಂ ಹೆಂಗ ಬರಿಯೂದು ಹೇಳಲೇ."

ಜಂಬಮ್ಮ ನೆಲದ ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದಳು. ಅಂಬಮ್ಮ ನೋಡಿ ನೋಡಿ ಇಳಿಸಿದಳು. ಮುಕ್ಕಾಂ, ಮೆಟ್ಟಿಲ ಕೆಳಗೆ. ಕೊನೆಯ ಅಕ್ಷರ ಗೆರೆಯಿಂದ ಜಾರಿತ್ತು.

ಗಾಳೆಪ್ಪ ಓದಿದ. ಮೇಲೆ ನೋಡಿದ. ಪುಸ್ತಕ ಮುಚ್ಚಿದ. ಈ ಸಲ ಲೋಟವನ್ನು ಅದರ ಮೇಲೆ ಇಡಲಿಲ್ಲ.

ಮಕ್ಕಳನ್ನು ಬಂಡಿಗೆ ಏರಿಸಿಕೊಂಡು ಅಂಬಮ್ಮ ಹಾಸ್ಟೆಲಿಗೆ ಬಂದಳು. ಬಂಡಿಯಿಂದ ಇಳಿದ ಮಕ್ಕಳು ಅಂಗಳ ದಾಟಿ ನೇರ ಒಳಗೆ ಹೋದವು. ಬಾಗಿಲಲ್ಲಿ ಯಾವುದೂ ನಿಲ್ಲಲಿಲ್ಲ. ಜಂಬಮ್ಮ ಮಷೀನಿನ ಮುಂದೆ ಕೂತು ಸೊಟ್ಟ ಕಾಲರು ಬಿಚ್ಚತೊಡಗಿದಳು. ಅಂಬಮ್ಮ ಒಲೆ ಹಚ್ಚಿದಳು. ರೊಟ್ಟಿ ಬಡಿಯುವುದಿತ್ತು.